ಎಲ್ಲಕ್ಕೂ ಉತ್ತರವಿದ್ದ ಬೆನಕಪ್ಪ

ಹೊಸಬಾಳೆಯಿಂದ ಕಾಡಿನ ಕಡೆಗೆ ಒಂದು ಹರದಾರಿ ನಡೆದರೆ ಮೂವತ್ತು ಮನೆಗಳ ಒಂದು ಊರು ಸಿಗುತ್ತಿತ್ತು. ಆ ಊರಿಗೆ ಇದ್ದದ್ದು ಒಂದೇ ಅಂಗಡಿ, ಅದು ಬೆನಕಪ್ಪನದು. ಹಗ್ಗ, ದನದ ಕೊರಳಿಗೆ ಕಟ್ಟುವ ಗಂಟೆ, ಹೊಗೆಸೊಪ್ಪು, ಬೆಲ್ಲ, ಇಷ್ಟು ಅಲ್ಲಿನ ಸರಕು. ಉಪ್ಪು ಕೇಳಿದರೆ ಬೆನಕಪ್ಪ ಸೊರಬದ ಸಂತೆಯ ದಾರಿ ತೋರಿಸುತ್ತಿದ್ದ. ಆದರೆ ಉತ್ತರ ಕೇಳಿ ಬಂದವರು ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ.

ಕುಳಿತಲ್ಲೇ ಕಾಲು ಯಾಕೆ ಜೋಮು ಹಿಡಿಯುತ್ತದೆ? ರಕ್ತ ನಿದ್ದೆ ಮಾಡುತ್ತದೆ, ಅದಕ್ಕೂ ದಣಿವು ಅಂತ ಒಂದಿಲ್ಲವೆ? ಒಬ್ಬ ಆಕಳಿಸಿದರೆ ಎದುರಿಗಿದ್ದವನ ಬಾಯಿಯೂ ಯಾಕೆ ತೆರೆದುಕೊಳ್ಳುತ್ತದೆ? ಅವನು ನಮ್ಮ ಪಾಲಿನ ಗಾಳಿಯನ್ನು ಎಳೆದುಕೊಂಡ ಮೇಲೆ ನಾವು ಸುಮ್ಮನಿರಲಾಗುತ್ತದೆಯೆ? ಸೊಳ್ಳೆ ಮೈಯೆಲ್ಲ ಬಿಟ್ಟು ಕಿವಿಯ ಹತ್ತಿರವೇ ಬಂದು ಯಾಕೆ ಹಾಡುತ್ತದೆ? ಅದು ಹಾಡುವುದು ಎಲ್ಲ ಕಡೆಯೂ, ನಮಗೆ ಕೇಳುವುದು ಕಿವಿಯಲ್ಲಿ ತಾನೆ! ಈ ಕೊನೆಯದು ಅಕಸ್ಮಾತ್ತಾಗಿ ಸರಿಯಾಗಿಯೇ ಇತ್ತು. ಆದರೆ ಊರಿನವರು ಅದನ್ನು ಬೇರೆ ಉತ್ತರಗಳಿಗಿಂತ ಹೆಚ್ಚಾಗಿ ಮೆಚ್ಚಿಕೊಂಡದ್ದೇನೂ ಇಲ್ಲ.

ಬೆನಕಪ್ಪ ಹುಟ್ಟಿದ್ದು ಶಿಕಾರಿಪುರದಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಮೂರು ವರ್ಷ ಯಾವುದೋ ಆಸ್ಪತ್ರೆಯಲ್ಲಿ ನೀರು ಹೊರುವ ಕೆಲಸಕ್ಕಿದ್ದ. ಅಲ್ಲಿ ಔಷಧಿಯ ಹೆಸರು ಒಂದೂ ಅವನ ತಲೆಗೆ ಹತ್ತಲಿಲ್ಲ. ಒಂದು ಗುಟ್ಟು ಮಾತ್ರ ಚೆನ್ನಾಗಿ ಹತ್ತಿತು. ರೋಗಿ ಕೇಳಿದ ಕೂಡಲೇ ಡಾಕ್ಟರು ಏನಾದರೂ ಹೇಳಿಬಿಟ್ಟರೆ ಅವನಿಗೆ ಅಲ್ಲೇ ಅರ್ಧ ವಾಸಿಯಾಗುತ್ತಿತ್ತು. ಡಾಕ್ಟರು ಒಂದು ಗಳಿಗೆ ಯೋಚಿಸುತ್ತ ಕುಳಿತರೋ, ರೋಗಿಯ ಜೊತೆ ಬಂದವರಿಗೂ ಜ್ವರ ಬರುತ್ತಿತ್ತು. ಮದುವೆಯಾಗಿ ಹೆಂಡತಿಯ ಊರಿಗೆ ಬಂದು ಅಂಗಡಿ ಇಡುವಾಗ ಬೆನಕಪ್ಪ ಈ ಗುಟ್ಟನ್ನೂ, ಆಸ್ಪತ್ರೆಯವರು ಹರಿದುಹೋಯಿತೆಂದು ಎಸೆದಿದ್ದ ಒಂದು ಬಣ್ಣದ ಪಟವನ್ನೂ ತಂದಿದ್ದ. ಚರ್ಮ ಸುಲಿದು ನಿಲ್ಲಿಸಿದ ಮನುಷ್ಯನ ಪಟ ಅದು. ಕೆಂಪು ನೀಲಿ ನರಗಳು, ಹೊಟ್ಟೆಯೊಳಗಿನ ಸುರುಳಿ, ಪಕ್ಕದಲ್ಲೆಲ್ಲ ಇಂಗ್ಲಿಷ್ ಅಕ್ಷರ. ಆ ಅಕ್ಷರ ಬೆನಕಪ್ಪನಿಗೂ ಬರುತ್ತಿರಲಿಲ್ಲ, ಊರಿನಲ್ಲಿ ಮತ್ತಾರಿಗೂ ಬರುತ್ತಿರಲಿಲ್ಲ. ಹೀಗಾಗಿ ಆ ಪಟದ ವಿಷಯದಲ್ಲಿ ಯಾವತ್ತೂ ಜಗಳವಾಗಲಿಲ್ಲ.

ಅವನನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಹೆಂಡತಿ ನೀಲಾಂಬಿಕ. "ಈರುಳ್ಳಿ ಹೆಚ್ಚಿದ್ರೆ ಕಣ್ಣಲ್ಲಿ ನೀರು ಯಾಕ್ರೀ ಬರೋದು?" ಎಂದು ಒಳಗಿನಿಂದ ಕೂಗಿದರೆ ಅವನು ಅಂಗಡಿಯಿಂದಲೇ ಉತ್ತರ ಕೂಗುತ್ತಿದ್ದ. ಬೇರೆ ಗಂಡಸರ ಹಾಗೆ "ನಿನಗ್ಯಾಕೆ ಅದೆಲ್ಲ" ಎನ್ನುತ್ತಿರಲಿಲ್ಲ. ಅದು ಅವನ ದೊಡ್ಡ ಗುಣ. ಅವಳೂ ಅವನ ಉತ್ತರಗಳನ್ನು ಜೋಪಾನವಾಗಿ ಇಟ್ಟುಕೊಂಡು, ನೀರಿಗೆ ಹೋದಾಗ ನಾಲ್ಕು ಜನಕ್ಕೆ ಹಂಚಿ ಬರುತ್ತಿದ್ದಳು.

ಐವತ್ತೇಳನೇ ಇಸವಿಯ ಬೇಸಿಗೆಯಲ್ಲಿ, ಹೋಳಿಹುಣ್ಣಿಮೆ ಕಳೆದ ಒಂದು ವಾರಕ್ಕೆ, ದನ ಕಾಯುವ ಚಿಕ್ಕಬೀರಪ್ಪ ಏದುಸಿರು ಬಿಡುತ್ತ ಅಂಗಡಿಗೆ ಬಂದ. ಕಾಡಿನ ಅಂಚಿನ ಮತ್ತಿಮರದ ಕೆಳಗೆ ಒಂದು ಮುಸಿಯ ಸತ್ತು ಬಿದ್ದಿತ್ತು. ಮುಸಿಯವೆಂದರೆ ಕರಿಯ ಮೋರೆಯ, ಉದ್ದ ಬಾಲದ ದೊಡ್ಡ ಕೋತಿ. ಮೈಮೇಲೆ ಗಾಯವಿಲ್ಲ, ಹಾವು ಕಚ್ಚಿದ ಗುರುತಿಲ್ಲ.

"ಮರದ ಮೇಲೆ ಹುಟ್ಟಿ ಮರದ ಮೇಲೇ ಬೆಳೆದಿದ್ದು, ಅದು ಕೆಳಗೆ ಬಿದ್ದು ಸಾಯೋದಾ? ಇದು ಎಂತಕ್ಕೆ ಬೆನಕಪ್ಪಣ್ಣ?" ಎಂದ ಚಿಕ್ಕಬೀರಪ್ಪ.

"ಆಯುಷ್ಯ ತೀರ್ತು. ಹನುಮಪ್ಪ ಊರಿನ ಗಡಿಗೆ ಬಂದು ಪ್ರಾಣ ಬಿಟ್ಟಾನಂದ್ರೆ ನಮ್ಮನ್ನ ನಂಬಿ ಬಂದಾನ ಅಂತ ಅರ್ಥ. ಹೆಣ ಅಂಗೇ ಬಿಡೋ ಹಂಗಿಲ್ಲ" ಎಂದ ಬೆನಕಪ್ಪ, ಹೊಗೆಸೊಪ್ಪು ಮುರಿಯುತ್ತಿದ್ದ ಕೈಯನ್ನೂ ನಿಲ್ಲಿಸದೆ.

ಸತ್ತ ಕೋತಿಗೆ ಸಂಸ್ಕಾರ ಮಾಡುವುದು ಆ ಕಡೆ ಹೊಸದಲ್ಲ. ಆದರೆ ಹೇಗೆ ಮಾಡಬೇಕು ಎಂಬ ಮಾತು ಬಂದಾಗ ತಕರಾರೆದ್ದಿತು. ಬೆನಕಪ್ಪನ ಜನರಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೆ, ಚಿಕ್ಕಬೀರಪ್ಪನ ಜನರಲ್ಲಿ ಸುಡುತ್ತಾರೆ. ಹನುಮಪ್ಪ ಯಾರ ಪೈಕಿ? ಬೆನಕಪ್ಪ ತಡಮಾಡಲಿಲ್ಲ. "ಬರೀ ಬಾಲಕ್ಕೆ ಬೆಂಕಿ ಇಟ್ಟಿದ್ದಕ್ಕೆ ಲಂಕೆ ಪೂರಾ ಹೋತು. ಮೈಗೆಲ್ಲ ಬೆಂಕಿ ಇಟ್ರೆ ನಮ್ಮ ಮೂವತ್ತು ಮನೆ ಉಳಿತಾವೇನ್ರೋ?" ಎಂದ. ಇದಕ್ಕೆ ಎದುರು ಹೇಳುವ ಗಂಡಸು ಆ ಊರಿನಲ್ಲಿರಲಿಲ್ಲ. ಕೂರಿಸಿ ಹೂಳುವುದೇ ಸೈ ಎಂದಾಯಿತು.

ನೀಲಾಂಬಿಕ ಪೊರಕೆ ತೆಗೆದುಕೊಂಡು ಹೋಗಿ ಮತ್ತಿಮರದ ಬುಡದ ತರಗೆಲೆಯನ್ನೆಲ್ಲ ಗುಡಿಸಿದಳು. ಮುಸಿಯವನ್ನು ತೊಡೆಯ ಮೇಲೆ ಒರಗಿಸಿಕೊಂಡು ಬಿಸಿನೀರಿನಲ್ಲಿ ಮೈ ತೊಳೆದು, ವಿಭೂತಿ ಬಳಿದಳು. ಅಷ್ಟು ಅಚ್ಚುಕಟ್ಟಾಗಿ ಮಾಡಲು ಬೇರೆ ಹೆಂಗಸರಿಗೆ ಬರುವುದಿಲ್ಲವೆಂದು ಬೆನಕಪ್ಪನೇ ಅವಳನ್ನು ಕೂರಿಸಿದ್ದ. ಚಿಕ್ಕಬೀರಪ್ಪ ಹೊಸ ಪಂಚೆ ಹೊದಿಸಿ ಹೆಗಲ ಮೇಲೆ ಹೊತ್ತ. ಭಜನೆ ನಡೆಯಿತು. ಮಂಡಕ್ಕಿ ಬೆಲ್ಲ ಹಂಚಿದರು. ಮನೆಗೆ ಬಂದ ಮೇಲೆ ನೀಲಾಂಬಿಕ ಕತ್ತು ತುರಿಸುತ್ತದೆ ಎಂದಳು. ಬೆನಕಪ್ಪ ನೋಡಿ, ಎಳ್ಳಿಗಿಂತ ಚಿಕ್ಕ ನಾಲ್ಕು ಉಣುಗುಗಳನ್ನು ಕಿತ್ತು ಉಗುರಿನಲ್ಲಿ ಒರೆದು ಹಾಕಿದ. ದನದ ಕಿವಿಯಲ್ಲಿ ರಕ್ತ ಹೀರಿ ಉಬ್ಬುವ ಉಣುಗನ್ನು ಆ ಊರಿನಲ್ಲಿ ಕಾಣದವರಿಲ್ಲ, ಹೆದರಿದವರೂ ಇಲ್ಲ.

"ನನ್ನನ್ನೇ ಯಾಕ್ರೀ ಹಿಡಿದಾವೆ? ನೀವೂ ಅಲ್ಲೇ ನಿಂತಿದ್ರಲ್ಲ."

"ಸಿಹಿ ರಕ್ತ ಇದ್ದವರನ್ನ ಹುಡುಕ್ಕೊಂಡು ಬರ್ತಾವೆ ಕಣೆ" ಎಂದ ಬೆನಕಪ್ಪ. ಅವಳಿಗೆ ಒಳಗೊಳಗೇ ಖುಷಿಯಾಯಿತು.

ಎಂಟನೇ ದಿನ ಚಿಕ್ಕಬೀರಪ್ಪ ಮಲಗಿದ. ಮಾರನೇ ದಿನ ನೀಲಾಂಬಿಕ. ಅದಾದ ನಾಲ್ಕು ದಿನಕ್ಕೆ ಭಜನೆಗೆ ಹೋದ ಇನ್ನಿಬ್ಬರು. ಅಂಥ ಜ್ವರವನ್ನು ಊರು ಕಂಡಿರಲಿಲ್ಲ. ತಲೆ ಸೀಳಿಹೋಗುವಂಥ ನೋವು, ಕಣ್ಣು ಕೆಂಡ, ಸೊಂಟ ಎತ್ತಲಾಗದು, ನೀರು ಕುಡಿದರೂ ವಾಂತಿ. ಚಿಕ್ಕಬೀರಪ್ಪನ ವಸಡಿನಲ್ಲಿ ರಕ್ತ ಬಂತು. ಊರಿನವರು ಅಂಗಡಿಯ ಮುಂದೆ ನೆರೆದು, ಯಾಕೆ ಹೀಗೆ ಎಂದು ಕೇಳಿದರು.

ಒಳಗೆ ಹೆಂಡತಿ ನರಳುತ್ತಿದ್ದಳು. ಆದರೂ ಮೂವತ್ತು ವರ್ಷದ ಅಭ್ಯಾಸ, ಬೆನಕಪ್ಪನ ನಾಲಿಗೆ ತಾನಾಗಿಯೇ ಹೊರಳಿತು. "ಮಣ್ಣು ಮಾಡಿ ಕೈ ತೊಳಕೊಂಡ್ವಿ. ಮೂರನೇ ದಿನ ಹಾಲು ತುಪ್ಪ ಬಿಟ್ಟಿಲ್ಲ, ಹನ್ನೊಂದನೇ ದಿನ ಊರೂಟ ಹಾಕಿಲ್ಲ. ಅರ್ಧ ಮಾಡಿದ ಕಾರ್ಯ ಸುಮ್ನೆ ಬಿಡ್ತದಾ? ಇನ್ನೊಂದ್ಸಲ ಹನುಮಪ್ಪ ಬಿದ್ರೆ ಇಡೀ ಊರು ಕುಂತು ಪೂರ್ತಿ ಮಾಡ್ಬೇಕು" ಎಂದ.

ಊರು ತಲೆದೂಗಿತು. ಕಾರಣ ಸಿಕ್ಕಿತಲ್ಲ, ಅರ್ಧ ಜ್ವರ ಇಳಿದ ಹಾಗೆ ಎಲ್ಲರೂ ಮನೆಗೆ ಹೋದರು. ಜ್ವರ ಬಂದವರಿಗೆ ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಸೊರಬದ ಕಡೆಯಿಂದ ಒಂದು ಜೀಪು ಬಂತು. ಸುತ್ತಲ ಊರುಗಳಲ್ಲೂ ಮಂಗಗಳು ಸಾಯುತ್ತಿದ್ದವಂತೆ, ಜನ ಮಲಗುತ್ತಿದ್ದರಂತೆ, ದೂರದಿಂದ ಡಾಕ್ಟರುಗಳು ಬಂದಿದ್ದರು. ಜೀಪಿನಿಂದ ಇಳಿದವರು ಕನ್ನಡಕದ, ಬಡಕಲು ಮೈಯ ಡಾಕ್ಟರು. ನೀಲಾಂಬಿಕಳ ತೋಳಿನಿಂದ ರಕ್ತ ತೆಗೆದು ಸೀಸೆಗೆ ಹಾಕಿಕೊಂಡರು. ಬಾಗಿಲಲ್ಲಿ ಕಿಕ್ಕಿರಿದ ಜನ ಕೇಳಿದರು, "ಎಂತ ಕಾಯಿಲೆ ಸ್ವಾಮಿ ಇದು?"

"ಗೊತ್ತಿಲ್ಲ" ಎಂದರು ಡಾಕ್ಟರು. "ಅದನ್ನ ತಿಳ್ಕೊಳ್ಳೋಕೇ ಬಂದಿದ್ದೀವಿ. ಸತ್ತ ಮಂಗ ಸಿಕ್ಕರೆ ಮುಟ್ಟದೆ ನಮಗೆ ಹೇಳಿ ಕಳಿಸಿ. ನಾವು ತಗೊಂಡು ಹೋಗಿ ನೋಡ್ತೀವಿ."

ಆ ಡಾಕ್ಟರ ಮರ್ಯಾದೆ ಆ ಹೊಸ್ತಿಲಲ್ಲೇ ಮುಗಿಯಿತು. ಜೀಪಿನಲ್ಲಿ ಬಂದವನು, ಕನ್ನಡಕ ಹಾಕಿದವನು, ಗೊತ್ತಿಲ್ಲ ಅನ್ನುತ್ತಾನೆ! ಹಗ್ಗ ಮಾರುವ ನಮ್ಮ ಬೆನಕಪ್ಪಣ್ಣನಿಗೆ ಗೊತ್ತಿರುವುದು ಇವನಿಗೆ ಗೊತ್ತಿಲ್ಲ! ಅದೂ ಸಾಲದೆ ಹನುಮಪ್ಪನನ್ನು ಕೊಯ್ಯಲು ಕೊಡಬೇಕಂತೆ. ಜನ ಕಣ್ಣಲ್ಲೇ ನಗುತ್ತ ಚದುರಿದರು. ನಿಜ ಹೇಳಬೇಕೆಂದರೆ ಬೆನಕಪ್ಪನಿಗೂ ಆ ಹೊತ್ತಿನಲ್ಲಿ ಒಂದು ಚೂರು ಹೆಮ್ಮೆಯೇ ಆಯಿತು.

ಜನ ಹೋದ ಮೇಲೆ ಡಾಕ್ಟರು ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಪುಸ್ತಕ ತೆರೆದು, ಒಂದೊಂದಾಗಿ ಕೇಳುತ್ತ ಹೋದರು. ಬೆನಕಪ್ಪನಿಗೆ ಉತ್ತರ ಹೇಳಿ ಗೊತ್ತಿತ್ತೇ ಹೊರತು, ಹೀಗೆ ಯಾರೂ ಅವನ ಉತ್ತರವನ್ನು ಬರೆದುಕೊಂಡದ್ದಿರಲಿಲ್ಲ. ಮರದ ಕೆಳಗೆ ಯಾರು ಯಾರು ಹೋಗಿದ್ದರು? ಎಷ್ಟು ಹೊತ್ತು? ಯಾರು ನಿಂತಿದ್ದರು, ಯಾರು ಕುಳಿತಿದ್ದರು? ತರಗೆಲೆ ಗುಡಿಸಿದ್ದು ಯಾರು? ಕೊನೆಗೆ, "ಯಜಮಾನರೇ, ನಿಮ್ಮ ಮನೆಯವರಿಗೆ ಆವತ್ತು ಉಣುಗು ಏನಾದರೂ ಹತ್ತಿತ್ತಾ?" ಎಂದರು.

"ಹತ್ತಿದ್ವು ಸ್ವಾಮಿ. ನಾಲ್ಕು. ನಾನೇ ಕಿತ್ತೆ" ಎಂದ ಬೆನಕಪ್ಪ.

"ನಮಗೆ ಅದರ ಮೇಲೇ ಗುಮಾನಿ. ಮಂಗ ಸತ್ತು ಬಿದ್ದ ಜಾಗದಲ್ಲಿ ಅವು ತರಗೆಲೆಯೊಳಗೆ ಇರ್ತಾವೆ. ಆದರೆ ಇನ್ನೂ ಗುಮಾನಿ ಅಷ್ಟೆ. ಇದೇ ಅಂತ ಹೇಳೋ ಹಾಗಿಲ್ಲ."

ಡಾಕ್ಟರಿಗೆ ಗುಮಾನಿ, ಬೆನಕಪ್ಪನಿಗೆ ಖಾತ್ರಿ. ಜೀಪು ಹೋದ ಮೇಲೂ ಅವನು ತನ್ನ ಹೆಬ್ಬೆರಳಿನ ಉಗುರನ್ನೇ ನೋಡುತ್ತ ಕುಳಿತಿದ್ದ. ಮಲಗಿದ ನಾಲ್ವರೂ ಆ ಮರದ ಬುಡದಲ್ಲಿ ಕುಳಿತವರು. ನಿಂತು ಅಪ್ಪಣೆ ಕೊಟ್ಟವನು ತಾನು, ತನಗೆ ಏನೂ ಆಗಿಲ್ಲ.

ಮಲಗಿದ ಹನ್ನೆರಡನೇ ದಿನ ಚಿಕ್ಕಬೀರಪ್ಪ ಸತ್ತ. ನೀಲಾಂಬಿಕಳ ಜ್ವರ ಬಿಟ್ಟಿತು, ಎದ್ದು ಎರಡು ದಿನ ಅಡಿಗೆಯನ್ನೂ ಮಾಡಿದಳು. ಅಷ್ಟರಲ್ಲಿ ಮತ್ತೆ ಮರುಕಳಿಸಿತು. ಈ ಸಲ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಬೆನಕಪ್ಪ ಅಂಗಡಿಯ ಬಾಗಿಲು ಹಾಕಿ ಗಂಜಿ ಕಾಯಿಸಿ ಕುಡಿಸಿದ, ಒದ್ದೆ ಬಟ್ಟೆ ಹಣೆಗಿಟ್ಟ. ದಾರಿಯಲ್ಲಿ ಹೋಗುವವರು ಏನಾದರೂ ಕೇಳಿದರೆ ಕೇಳಿಸದವನ ಹಾಗೆ ಇದ್ದ. ಬಸವಜಯಂತಿಯ ಹೊತ್ತಿಗೆ ಅವಳ ಜ್ವರ ನಿಂತಿತು. ಆದರೆ ಗೋಡೆ ಹಿಡಿಯದೆ ನಡೆಯಲಾಗುತ್ತಿರಲಿಲ್ಲ. ಪಡಸಾಲೆಯ ಮಂಚದ ಮೇಲೆ ಒರಗಿ ಹಾದಿ ನೋಡುತ್ತಿದ್ದಳು.

ಹಾಗೆ ಒರಗಿದ್ದ ಒಂದು ಬೆಳಿಗ್ಗೆ ಚಿಕ್ಕಬೀರಪ್ಪನ ತಮ್ಮ ಕೆಂಪಪ್ಪ ಹಿಂದೆ ಹತ್ತಿಪ್ಪತ್ತು ಜನರನ್ನು ಕಟ್ಟಿಕೊಂಡು ಬಂದ. ಕೆಲವರ ಕೈಯಲ್ಲಿ ಪೊರಕೆ, ಒಬ್ಬನ ಹೆಗಲಲ್ಲಿ ಹೊಸ ಜಮಖಾನೆ.

"ಬೆನಕಪ್ಪಣ್ಣ, ಕೆರೆ ಏರಿ ಕೆಳಗಿನ ಮರದ ಬುಡದಲ್ಲಿ ಇನ್ನೊಂದು ಮುಸಿಯ ಬಿದ್ದಿದೆ. ಈ ಸಲ ನೀ ಹೇಳಿದ ಹಾಗೇ ಪೂರ್ತಿ ಮಾಡೋಣ ಅಂತ. ಮನೆಗೊಬ್ಬರು ಬರ್ತಾರೆ. ಇವತ್ತಿಡೀ ಮರದ ಕೆಳಗೇ ಕೂತು ಭಜನೆ, ಅಲ್ಲೇ ಊಟ. ನಮ್ಮಣ್ಣನ ಹಾಗೆ ಇನ್ನೊಬ್ಬ ಹೋಗೋದು ಬ್ಯಾಡ."

ಬೆನಕಪ್ಪ ಲೆಕ್ಕ ಹಾಕಿದ. ಮನೆಗೊಬ್ಬರೆಂದರೆ ಮೂವತ್ತು ಜನ, ದಿನವಿಡೀ ಆ ತರಗೆಲೆಯ ಮೇಲೆ. ಉತ್ತರ ಕೊಟ್ಟವನು ತಾನೇ.

"ಬ್ಯಾಡ ಕಣಪ್ಪ" ಎಂದ. "ಯಾರೂ ಹತ್ರ ಹೋಗ್ಬ್ಯಾಡ್ರಿ. ಜ್ವರ ಬರೋದು ಉಣುಗಿನಿಂದ. ಅಲ್ಲಿ ಕುಂತವರನ್ನೇ ಅದು ಹಿಡಿಯೋದು. ನಾನು ಆವತ್ತು ಹೇಳಿದ್ದು ಸುಳ್ಳು."

ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಉಣುಗಾ? ಹುಟ್ಟಿದಾಗಿಂದ ದನದ ಮೈಯಿಂದ ಕಿತ್ತಿದ್ದೀನಿ, ಮುಷ್ಟಿಗಟ್ಟಲೆ" ಎಂದ ಕೆಂಪಪ್ಪ. "ಯಾರಣ್ಣ ನಿನಗೆ ಹೇಳಿದ್ದು? ಆ ಗೊತ್ತಿಲ್ಲ ಅನ್ನೋ ಡಾಕ್ಟರಾ?"

"ಹ್ಞೂ, ಅವರಿಗೂ ಗುಮಾನಿ ಅಂತೆ..."

"ಗುಮಾನಿಯಂತೆ!" ಕೆಂಪಪ್ಪ ಜನರ ಕಡೆ ತಿರುಗಿದ. ಮತ್ತೆ ಇವನ ಕಡೆಗೆ ತಿರುಗಿದಾಗ ಅವನ ದನಿಯಲ್ಲಿ ಕನಿಕರವಿತ್ತು. "ಅತ್ತಿಗೆ ಮಲಗಿದಾಗಿಂದ ನಿನಗೆ ಮನಸ್ಸು ಸರಿ ಇಲ್ಲಣ್ಣ. ನೀ ಮನೇಲೇ ಇರು. ನಾವೇ ಮಾಡ್ಕೊಂಡು ಬರ್ತೀವಿ."

ಮೂವತ್ತು ವರ್ಷ ಬಾಯಿಗೆ ಬಂದದ್ದನ್ನು ಹೇಳಿದ, ಊರು ಕಣ್ಣಿಗೊತ್ತಿಕೊಂಡಿತು. ಈಗ ಜೀವಮಾನದಲ್ಲಿ ಮೊದಲ ಸಲ ನಿಜವನ್ನು ಕೈಯಲ್ಲಿ ಹಿಡಿದು ನಿಂತರೆ ಅದಕ್ಕೆ ಗಿರಾಕಿಯೇ ಇಲ್ಲ. ಜನ ಆಗಲೇ ಕೆರೆಯ ಕಡೆ ಹೆಜ್ಜೆ ಹಾಕಿದ್ದರು. ಮುಂದೆ ಮುಂದೆ ಚಿಕ್ಕಬೀರಪ್ಪನ ಹೆಂಡತಿ ಲೋಕಮ್ಮ ಹೋಗುತ್ತಿದ್ದಳು, ಕಂಕುಳಲ್ಲಿ ಪೊರಕೆ.

"ನಿಲ್ರೋ!" ಎಂದು ಬೆನಕಪ್ಪ ಕೂಗಿದ. ತನ್ನ ಹಳೆಯ ದನಿಯಲ್ಲಿ ಕೂಗಿದ. "ಪೂರ್ತಿ ಕೇಳದೆ ಹೋಗ್ತೀರೇನ್ರೋ? ಬೆಳಗಿನ ಜಾವ ಕನಸಿನಲ್ಲಿ ಹನುಮಪ್ಪ ಬಂದಿದ್ದ."

ಎಲ್ಲರೂ ನಿಂತರು.

"ಏನು ಹೇಳಿದ ಗೊತ್ತೇನು? ನೀವು ನನ್ನ ಮೈ ಮುಟ್ಟಿದ್ದೇ ತಪ್ಪಾತು ಅಂದ. ನಾನು ಬ್ರಹ್ಮಚಾರಿ, ಹೆಂಗಸರ ಕೈಲಿ ಮೈ ತೊಳಿಸಿದ್ರಿ, ಅದಕ್ಕೇ ಕೋಪ ಬಂತು ಅಂದ. ಇನ್ನು ಮ್ಯಾಲೆ ನಾನು ಎಲ್ಲಿ ಬಿದ್ರೂ ಇಪ್ಪತ್ತು ಮಾರು ದೂರ ನಿಂತು ಕರ್ಪೂರ ಹಚ್ರಿ, ಕೈ ಮುಗೀರಿ, ಅಷ್ಟೇ. ತರಗೆಲೆ ತುಳೀಬ್ಯಾಡ್ರಿ, ಅದು ನನ್ನ ಹಾಸಿಗೆ ಅಂದ."

"ಹಂಗಾದ್ರೆ ಹೆಣ?" ಎಂದ ಕೆಂಪಪ್ಪ. ಅವನ ಕೈ ಆಗಲೇ ಮುಗಿದಿತ್ತು.

ಬೆನಕಪ್ಪ ತಡವರಿಸಲಿಲ್ಲ. "ಕಾಲಕಾಲಕ್ಕೂ ಗಾಳಿಯಲ್ಲೇ ಹಾರಿ ಸಾಕಾಗೇತೆ, ಈ ಸಲ ಜೀಪಿನಲ್ಲಿ ಹೋಗಬೇಕು ಅಂದ."

ಇದಕ್ಕೆ ಯಾರೂ ನಗಲಿಲ್ಲ. ಲೋಕಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು ಪೊರಕೆಯನ್ನು ಅಲ್ಲೇ ಹಾಕಿದಳು. ಒಬ್ಬ ಸೈಕಲ್ಲು ಹತ್ತಿ ಸೊರಬಕ್ಕೆ ಹೋದ. ಉಳಿದವರು ಕೆರೆಯ ಏರಿಯ ಮೇಲೆ, ಇಪ್ಪತ್ತಕ್ಕೆ ಐದು ಸೇರಿಸಿ ಇಪ್ಪತ್ತೈದು ಮಾರು ಅಳೆದು ನಿಂತು, ಮಧ್ಯಾಹ್ನದ ತನಕ ಕರ್ಪೂರ ಹಚ್ಚಿದರು. ಜೀಪು ಬಂತು. ಡಾಕ್ಟರ ಕಡೆಯವರು ಕೈಗೆ ಕಾಲಿಗೆ ಬಟ್ಟೆ ಕಟ್ಟಿಕೊಂಡು ಮುಸಿಯವನ್ನು ಚೀಲಕ್ಕೆ ಹಾಕಿದಾಗ ಇಡೀ ಊರು ಜಯಕಾರ ಹಾಕಿತು.

ಸತ್ತ ಮಂಗ ಸಿಕ್ಕರೆ ಹೇಳಿ ಕಳಿಸಿ ಎಂದಾಗ ಕಣ್ಣಲ್ಲೇ ನಕ್ಕಿದ್ದ ಜನ ಇವರೇನಾ ಎಂದು ಡಾಕ್ಟರು ಕಣ್ಣರಳಿಸಿ ನೋಡಿದರು. "ಹೇಗೆ ಒಪ್ಪಿಸಿದಿರಿ ಯಜಮಾನರೇ?" ಎಂದು ಕೇಳಿದರು.

"ಗೊತ್ತಿಲ್ಲ ಸ್ವಾಮಿ" ಎಂದ ಬೆನಕಪ್ಪ. ಡಾಕ್ಟರು ಅವನ ಬೆನ್ನು ತಟ್ಟಿ ಜೀಪು ಹತ್ತಿದರು.

ಆ ಬೇಸಿಗೆಯಲ್ಲಿ ಊರಿನಲ್ಲಿ ಮತ್ತೊಬ್ಬರು ಮಲಗಲಿಲ್ಲ. ಬೆನಕಪ್ಪನ ಕೀರ್ತಿ ಕುಬಟೂರಿನ ತನಕ ಹೋಯಿತು. ಆದರೆ ಅದು ಆಮೇಲಿನ ಮಾತು. ಆವತ್ತು ಜೀಪು ಕಳಿಸಿ ಅವನು ಮನೆಗೆ ಬಂದಾಗ ನೀಲಾಂಬಿಕ ಮಂಚದ ಮೇಲೆ ಎದ್ದು ಕುಳಿತಿದ್ದಳು. ಬೆಳಿಗ್ಗೆ ಆಡಿದ ಮಾತೆಲ್ಲ ಅವಳ ಎದುರಿಗೇ ಆಡಿದ್ದು.

"ಕನಸು ಬಿದ್ದಿತ್ತೇನ್ರೀ?"

ಅವಳಿಗೆ ಸುಳ್ಳು ಹೇಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. "ಇಲ್ಲ" ಎಂದ.

"ನನ್ನ ರಕ್ತ ಸಿಹಿ ಅಂದಿದ್ದು?"

"ಅದೂ ಇಲ್ಲ."

"ಈರುಳ್ಳೀದು? ಜೋಮಿಂದು?"

ಬೆನಕಪ್ಪ ತಲೆ ತಗ್ಗಿಸಿ ಹೊಸ್ತಿಲ ಮೇಲೆ ಕುಳಿತ. ಅವಳಿಗೆ ಸಿಟ್ಟು ಬಂದಿರಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಹಂಗಾದ್ರೆ ಗೌರಿದು?"

ಗೌರಿ ಅವರ ಮಗಳು. ಎರಡು ವರ್ಷ ತುಂಬುವ ಮೊದಲೇ, ಇಪ್ಪತ್ತಾರು ವರ್ಷಗಳ ಹಿಂದೆ, ಮೂರು ದಿನದ ಜ್ವರದಲ್ಲಿ ಹೋಗಿದ್ದಳು. ಜ್ವರ ಬರುವ ಹಿಂದಿನ ಸಂಜೆ ನೀಲಾಂಬಿಕ ಅವಳಿಗೆ ಮೊಸರಿನಲ್ಲಿ ಬಾಳೆಹಣ್ಣು ಕಿವುಚಿ ತಿನ್ನಿಸಿದ್ದಳು. ನಾನೇ ಕೊಂದೆ, ಆ ಹಣ್ಣೇ ಕೊಂದಿತು ಎಂದು ಅನ್ನ ನೀರು ಬಿಟ್ಟು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದವಳನ್ನು ಬೆನಕಪ್ಪ ಹಿಡಿದು ಕೂರಿಸಿ ಹೇಳಿದ್ದ: ಮಗುವಿನ ಎದೆಯಲ್ಲಿ ಹುಟ್ಟುವಾಗಲೇ ಒಂದು ನರ ಕಡಿಮೆ ಇತ್ತು, ನೀನು ಅಮೃತ ತಿನ್ನಿಸಿದ್ದರೂ ಅದು ಉಳಿಯುತ್ತಿರಲಿಲ್ಲ. ಆವತ್ತು ಸಂಜೆ ಅವಳು ಊಟ ಮಾಡಿದ್ದಳು. ಆ ಒಂದು ಮಾತಿನ ಮೇಲೆ ಇಪ್ಪತ್ತಾರು ವರ್ಷ ಬದುಕಿದ್ದಳು.

ಬೆನಕಪ್ಪ ಎದ್ದು ಬಂದು ಮಂಚದ ಅಂಚಿನಲ್ಲಿ ಕುಳಿತ. ಅವಳ ನಡುಗುವ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

"ಅದು ಖರೇ ಐತೆ" ಎಂದ. "ಅದು ನಾನು ಹೇಳಿದ್ದಲ್ಲ ಕಣೆ. ದೊಡ್ಡ ಡಾಕ್ಟರು ಮಗೂನ ಎದೆ ನೋಡಿ ಹೇಳಿದ್ದು."

ನೀಲಾಂಬಿಕ ಅವನ ಮುಖವನ್ನೇ ನೋಡಿದಳು.

"ಡಾಕ್ಟರೇ ಹೇಳಿದ್ರು ಅಂದ್ರೆ ಸರಿ ಬಿಡ್ರಿ" ಎಂದು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಆ ಮೂರು ದಿನ ಮಳೆಗೆ ಹೊಳೆ ಕಟ್ಟಿ, ಮಗುವನ್ನು ಯಾವ ಡಾಕ್ಟರಿಗೂ ತೋರಿಸಲಾಗಿರಲಿಲ್ಲ. ಅದು ಇಬ್ಬರಿಗೂ ನೆನಪಿತ್ತು.